ಏಪ್ರಿಲ್ ಒಂದರ ಆಚೆ, ಈಚೆ



ದತ್ತಿ ಉಪನ್ಯಾಸಕ್ಕೆ ನಿಂತಾಗಲೆಲ್ಲ ಈ ದತ್ತಿಯ ಅಸಲು ಎಲ್ಲಿಂದ ಬಂತು ಎಂದು ಕೇಳುವ ಚಟ ನನಗಿದೆ. ನಮ್ಮ ಕಡೆ ಬಹಳ ಸಲ ಸಿಗುವ ಉತ್ತರ ಒಂದೇ. ಯಾರೋ ಮಾಸ್ತರರು ರಿಟೈರ್ ಆದಾಗ ಬಂದ ಗ್ರ್ಯಾಚುಟಿಯಲ್ಲಿ ಒಂದು ಪಾಲು ತೆಗೆದು, ತಾಯಿ-ತಂದೆಯ ಹೆಸರಿನಲ್ಲಿ ಠೇವಣಿ ಇಟ್ಟಿರುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಭಾಷಣ, ಒಂದು ಶಾಲು, ಒಂದಿಷ್ಟು ಚಹಾ-ಚುರಮರಿ. ಮಗನಿಗೆ ಮನೆ ಕಟ್ಟಿಸಿ, ಮಗಳ ಲಗ್ನ ಮಾಡಿ, ಆಮೇಲೂ ಊರಿಗೆ ಕೊಡಲು ಅವರ ಕೈಯಲ್ಲಿ ಏನೋ ಉಳಿದಿತ್ತು. ಮುಂದಿನ ತಿಂಗಳ ಮೊದಲ ವಾರ ಪೆನ್ಶನ್ ಬಂದೇ ಬರುತ್ತದೆ ಎಂಬ ಧೈರ್ಯ ಇದ್ದವರು ಮಾತ್ರ ಹಾಗೆ ಕೈಬಿಚ್ಚಿ ಕೊಡಬಲ್ಲರು. ಇನ್ನು ಇಪ್ಪತ್ತು ವರ್ಷಕ್ಕೆ ಇಂಥ ದತ್ತಿ ಯಾರು ಇಡುತ್ತಾರೆ? ಇವತ್ತು ಪಿಂಚಣಿಯ ವಿಷಯ ಆರಿಸಿಕೊಳ್ಳಲು ಅದೇ ಕಾರಣ.

ಮೊದಲೇ ಒಪ್ಪಿಕೊಳ್ಳುತ್ತೇನೆ, ನಾನು ಹಳೆಯ ಪಿಂಚಣಿಯವನು. ಪ್ರತಿ ನವೆಂಬರಿನಲ್ಲಿ ಬದುಕಿದ್ದೇನೆ ಎಂದು ಬ್ಯಾಂಕಿಗೆ ಹೋಗಿ ಸಾಬೀತು ಮಾಡಿ ಬರುವ ಪಂಗಡ. ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಕಂಡರೆ ಅದನ್ನು ಕಳೆದು ಕೇಳಿ.

ದತ್ತಿ ಎನ್ನುವ ಶಬ್ದ ಈ ನೆಲಕ್ಕೆ ಹಳೆಯದು. ಚಾಲುಕ್ಯರ ರಾಜಕುಮಾರಿ ಅಕ್ಕಾದೇವಿ ಕಿಸುಕಾಡು ಎಪ್ಪತ್ತು ಎಂಬ ಸೀಮೆಯನ್ನು ಆಳುತ್ತಿದ್ದಾಗ, 11ನೆಯ ಶತಮಾನದಲ್ಲಿ, ನಮ್ಮ ಸೂಡಿ ಅವಳ ಆಳ್ವಿಕೆಯ ಮುಖ್ಯ ಊರು. ಈ ಸೀಮೆಯ ಶಾಸನಗಳನ್ನು ಓದಿದವರಿಗೆ ಗೊತ್ತು: ದೇವಸ್ಥಾನಕ್ಕೆ, ಅಲ್ಲಿ ಸೇವೆ ಮಾಡುವವರಿಗೆ, ಓದುವವರಿಗೆ, ಓದಿಸುವವರಿಗೆ ಇಷ್ಟು ಮತ್ತರು ಭೂಮಿ ಬಿಟ್ಟ ದತ್ತಿ ಎಂದು ಬರೆದಿರುತ್ತದೆ. ಆ ಭೂಮಿಯನ್ನು ಹೊತ್ತುಕೊಂಡು ಬೇರೆ ಊರಿಗೆ ಹೋಗಲು ಬರುವುದಿಲ್ಲ. ಕೆಲಸ ಮಾಡುವವನನ್ನು ಆ ಊರಿನಲ್ಲೇ ಕಟ್ಟಿಹಾಕುವ ಉಪಾಯ ಅದು. ಮುಂದೆ ಬಂದ ವತನ, ಇನಾಮು, ಉಂಬಳಿ ಇವುಗಳ ಒಳಗುಟ್ಟೂ ಅದೇ. ಕುಲಕರ್ಣಿಗೆ, ಗೌಡರಿಗೆ, ತಳವಾರನಿಗೆ, ಶೇತಸನದಿಗೆ ಸರ್ಕಾರ ನಗದು ಪಗಾರವನ್ನು ಕೊಟ್ಟದ್ದು ಕಡಿಮೆ, ಹೊಲವನ್ನು ಕೊಟ್ಟದ್ದು ಹೆಚ್ಚು. ಮುಪ್ಪಿನಲ್ಲಿ ಹೊಲ ಇತ್ತು, ಸತ್ತ ಮೇಲೆ ಮಗನಿಗೆ ಹೊಲದ ಜೊತೆ ಕೆಲಸವೂ ಇತ್ತು. ಇದರಲ್ಲಿ ಜಾತಿಯ ಅನ್ಯಾಯ ತುಂಬಿತ್ತು, ತಳವಾರನ ಮಗ ತಳವಾರನೇ ಆಗಬೇಕಿತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಅದು ಹೋದದ್ದು ಒಳ್ಳೆಯದೇ ಆಯಿತು. ಆದರೆ ವತನದ ಜಾಗಕ್ಕೆ ಬಂದ ಪಗಾರ ಮತ್ತು ಪಿಂಚಣಿಗೆ ಊರಿನ ಗಂಟು ಇರಲಿಲ್ಲ. ಬೆಂಗಳೂರಿನಲ್ಲಿ ದುಡಿದವರಿಗೂ ಹೊಳೆಆಲೂರಿನಲ್ಲಿ ದುಡಿದವರಿಗೂ ಅದೇ ಪಿಂಚಣಿ. ಈ ಮಾತಿಗೆ ಆಮೇಲೆ ಮರಳಿ ಬರುತ್ತೇನೆ.

ಹಳೆಯ ಪಿಂಚಣಿಯ ಲೆಕ್ಕ ಇಲ್ಲಿರುವ ಅರ್ಧ ಜನಕ್ಕೆ ಬಾಯಿಪಾಠ. ನಮ್ಮ ರಾಜ್ಯದಲ್ಲಿ ಮೂವತ್ತು ವರ್ಷ ಅರ್ಹ ಸೇವೆಗೆ ಕೊನೆಯ ಮೂಲವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ, ತೀರಿಕೊಂಡರೆ ಕುಟುಂಬ ಪಿಂಚಣಿ, ಜೊತೆಗೆ ಗ್ರ್ಯಾಚುಟಿ, ಕಮ್ಯುಟೇಶನ್, ಗಳಿಕೆ ರಜೆಯ ನಗದು. ಈ ಔದಾರ್ಯದ ಹಿಂದೆ ಒಂದು ಕೀಲಿಯೂ ಇದೆ. ಹತ್ತು ವರ್ಷ ತುಂಬುವವರೆಗೆ ಪಿಂಚಣಿ ಇಲ್ಲ. ಹದಿನೈದು ವರ್ಷ ತುಂಬಿದ ಮೇಲೆ ಸ್ವಯಂ ನಿವೃತ್ತಿಯ ಬಾಗಿಲು ತೆರೆಯುತ್ತದೆ. ನಡುವೆ ಸಿಟ್ಟು ಬಂದು ರಾಜೀನಾಮೆ ಬಿಸಾಕಿದರೆ ಹಿಂದಿನ ಸೇವೆಯೆಲ್ಲ ಸೊನ್ನೆ. ಅನುಮತಿ ಪಡೆದು ಇನ್ನೊಂದು ಸರ್ಕಾರಿ ಹುದ್ದೆಗೆ ಹೋದರೆ ಮಾತ್ರ ಉಳಿಯುತ್ತದೆ. ಹತ್ತಾರು ವರ್ಷ ದುಡಿದವರು ಮೇಲಧಿಕಾರಿಯ ಬೈಗುಳ ನುಂಗಿಕೊಂಡು ಕೂತದ್ದಕ್ಕೆ ಈ ಕೀಲಿಯೇ ಕಾರಣ. ಅರ್ಥಶಾಸ್ತ್ರದವರು ಇದನ್ನು ನೌಕರರನ್ನು ಉಳಿಸಿಕೊಳ್ಳುವ ಸಾಧನ ಎನ್ನುತ್ತಾರೆ. ನಮ್ಮವ್ವ ಅಷ್ಟುದ್ದ ಹೇಳುತ್ತಿರಲಿಲ್ಲ. "ಹಗ್ಗ ಉದ್ದ ಐತಿ, ಆದ್ರ ಗೂಟ ಗಟ್ಟಿ ಐತಿ" ಎನ್ನುತ್ತಿದ್ದಳು.

ಕೇಂದ್ರ ಸರ್ಕಾರ 2004ರ ಜನವರಿ 1ರಿಂದ, ಕರ್ನಾಟಕ ಸರ್ಕಾರ 2006ರ ಏಪ್ರಿಲ್ 1ರಿಂದ ಈ ಗೂಟ ಕಿತ್ತವು. ಅಂದಿನಿಂದ ಸೇರಿದವರಿಗೆ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಮೂಲವೇತನ ಮತ್ತು ತುಟ್ಟಿಭತ್ಯೆಯ ನೂರಕ್ಕೆ ಹತ್ತು ನೌಕರನ ವಂತಿಗೆ. ಸರ್ಕಾರದ ವಂತಿಗೆ ಮೊದಲು ಹತ್ತು, ಈಗ ಹದಿನಾಲ್ಕು. ಎಲ್ಲ ಪ್ರಾನ್ ಎಂಬ ನಿವೃತ್ತಿ ಖಾತೆಗೆ ಜಮಾ ಆಗಿ ಮಾರುಕಟ್ಟೆಯಲ್ಲಿ ದುಡಿಯುತ್ತದೆ. ಅರವತ್ತಕ್ಕೆ ಒಟ್ಟು ಗಂಟಿನ ನೂರಕ್ಕೆ ಅರವತ್ತರವರೆಗೆ ಕೈಗೆ, ಕನಿಷ್ಠ ನಲವತ್ತು ವಿಮಾ ಕಂಪನಿಗೆ ಹೋಗಿ ಮಾಸಾಶನವಾಗಿ ಬರುತ್ತದೆ.

ಲೆಕ್ಕ ಸುಲಭವಾಗಲಿ ಎಂದು ಒಂದು ಉದಾಹರಣೆ ಹಿಡಿಯೋಣ. ಕೊನೆಯ ಮೂಲವೇತನ 60,000 ರೂಪಾಯಿ ಇದ್ದ ಹಳೆಯ ಪಿಂಚಣಿಯ ಮಾಸ್ತರರಿಗೆ ತಿಂಗಳಿಗೆ 30,000, ಅದರ ಮೇಲೆ ತುಟ್ಟಿಭತ್ಯೆ. ಅದೇ 30,000 ಮಾಸಾಶನವಾಗಿ ಬರಬೇಕಾದರೆ, ಶೇಕಡಾ 6ರ ದರ ಎಂದುಕೊಂಡರೆ, 60 ಲಕ್ಷ ಕಟ್ಟಬೇಕು. 60 ಲಕ್ಷ ಎನ್ನುವುದು ನಲವತ್ತು ಪಾಲು ಆಗಬೇಕಾದರೆ ಒಟ್ಟು ಗಂಟು ಒಂದೂವರೆ ಕೋಟಿ ಇರಬೇಕು. ಉಳಿದ 90 ಲಕ್ಷ ಕೈಯಲ್ಲಿರುತ್ತದಲ್ಲ ಎಂದು ಎನ್‌ಪಿಎಸ್ ಪರ ಇರುವವರು ಹೇಳುತ್ತಾರೆ, ಹೇಳುವುದು ಸರಿಯೇ. ಆದರೆ 2006ರ ಆಸುಪಾಸಿನಲ್ಲಿ ಸೇರಿದವರ ಮೊದಲ ವರ್ಷಗಳ ಪಗಾರ ಸಣ್ಣದು, ವಂತಿಗೆಯೂ ಸಣ್ಣದು. ಮೀಸಲಾತಿಯ ವಯೋಮಿತಿಯಲ್ಲಿ ನಲವತ್ತರ ಹತ್ತಿರ ಬಂದು ಸೇರಿದವರ ಸೇವೆ ಇಪ್ಪತ್ತೇ ವರ್ಷ. ಅವರ ಖಾತೆ ಒಂದೂವರೆ ಕೋಟಿಯ ಸಮೀಪಕ್ಕೂ ಹೋಗುವುದಿಲ್ಲ. ಮತ್ತೆ ಆ ಮಾಸಾಶನಕ್ಕೆ ತುಟ್ಟಿಭತ್ಯೆ ಇಲ್ಲ. ಜೋಳದ ದರ ಏರುತ್ತದೆ, ಅದು ಏರುವುದಿಲ್ಲ. ಗ್ರ್ಯಾಚುಟಿ, ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಕುಟುಂಬ ಪಿಂಚಣಿ, ಇವನ್ನು ನೌಕರರು ಕೂಗಿದ ಮೇಲೆ ಸೇರಿಸಿದರು.

ಲಾಭ ಕಾಣುವ ಮುಂಚೆಯೇ ಹಣ ಕಟ್ಟುವ ಸಂಕಟವನ್ನು ನರಗುಂದದವರಿಗೆ ಬಿಡಿಸಿ ಹೇಳಬೇಕಿಲ್ಲ. ಮಲಪ್ರಭೆಯ ಕಾಲುವೆಯ ನೀರು ಹೊಲಕ್ಕೆ ಸರಿಯಾಗಿ ಮುಟ್ಟುವ ಮುಂಚೆಯೇ ಬೆಟರ್‌ಮೆಂಟ್ ಲೆವಿಯ (ಅಭಿವೃದ್ಧಿ ಕರದ) ನೋಟಿಸು ಮನೆಗೆ ಮುಟ್ಟಿತ್ತು. 1980ರ ಜುಲೈ 21ರಂದು ಗೋಲಿಬಾರ್ ಆಗುವವರೆಗೆ ರೈತರ ಸಿಟ್ಟು ಹೋಯಿತು, ರೈತರೂ ಸತ್ತರು, ಪೊಲೀಸರೂ ಸತ್ತರು. ನಾಳೆ ಬರುವ ಲಾಭಕ್ಕೆ ಇವತ್ತೇ ಹಣ ಕತ್ತರಿಸುವುದು, ಲಾಭದ ಲೆಕ್ಕವನ್ನು ಮಾತ್ರ ಯಾರೂ ಬರೆದುಕೊಡದಿರುವುದು: ಎನ್‌ಪಿಎಸ್ ನೌಕರರ ಸಿಟ್ಟಿಗೂ ಆ ಸಿಟ್ಟಿಗೂ ನನಗೆ ನೆಂಟಸ್ತನ ಕಾಣುತ್ತದೆ. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಎನ್‌ಪಿಎಸ್ ನೌಕರರು ಧರಣಿ ಕೂತರು. 2023ರ ಮಾರ್ಚ್ 1ರಂದು ಸರ್ಕಾರಿ ನೌಕರರ ಮುಷ್ಕರದಿಂದ ರಾಜ್ಯದ ಕಚೇರಿಗಳಿಗೆ ಬೀಗ ಬಿತ್ತು. ಅವತ್ತೇ ಶೇಕಡಾ 17ರ ಮಧ್ಯಂತರ ಪರಿಹಾರವೂ ಪಿಂಚಣಿಗೊಂದು ಸಮಿತಿಯೂ ಬಂದವು. ಪರಿಹಾರ ಪಗಾರದಲ್ಲಿ ಸೇರಿತು. ಸಮಿತಿ ಮಾತ್ರ ಸಮಿತಿಗಳ ಹಾದಿ ಹಿಡಿಯಿತು.

ಒಂದು ತಾರೀಖು ಒಂದು ಸ್ಟಾಫ್‌ರೂಮನ್ನು ಎರಡು ಮಾಡುತ್ತದೆ. ಒಂದೇ ಶಾಲೆ, ಒಂದೇ ಪಾಠ. 2006ರ ಮಾರ್ಚ್ ಕೊನೆಗೆ ಹಾಜರಾದವರು ಹಳೆಯ ಪೆನ್ಶನ್ ಮಾಸ್ತರರು, ಏಪ್ರಿಲ್ ಮೊದಲ ವಾರ ಹಾಜರಾದವರು ಹೊಸ ಪೆನ್ಶನ್ ಮಾಸ್ತರರು. ಇದಕ್ಕಿಂತ ಕ್ರೂರವಾದದ್ದೂ ಇತ್ತು. ನೇಮಕಾತಿಯ ಅಧಿಸೂಚನೆ ಹೊರಟದ್ದು 2006ರ ಏಪ್ರಿಲ್ 1ಕ್ಕೆ ಮೊದಲು, ನೇಮಕದ ಆದೇಶ ಕೈಗೆ ಬಂದದ್ದು ಆಮೇಲೆ. ತಡ ಮಾಡಿದ್ದು ಸರ್ಕಾರ, ಪಿಂಚಣಿ ಕಳೆದುಕೊಂಡದ್ದು ನೌಕರ. ಇಂಥ ಸುಮಾರು 13,000 ಮಂದಿಯನ್ನು ಹಳೆಯ ಪಿಂಚಣಿಗೆ ಸೇರಿಸುವ ತೀರ್ಮಾನ 2024ರ ಜನವರಿಯಲ್ಲಿ ಆಯಿತು. ತಾರೀಖಿನ ಗೆರೆಯ ವಿಷಯ ಬಂದಾಗ ಡಿ. ಎಸ್. ನಕಾರಾ ಪ್ರಕರಣವನ್ನು ನೆನೆಯಲೇಬೇಕು. 1979ರ ಮಾರ್ಚ್ 31ಕ್ಕೆ ಮೊದಲು ನಿವೃತ್ತರಾದವರಿಗೆ ಸುಧಾರಿತ ಲೆಕ್ಕ ಇಲ್ಲ ಎಂದಿದ್ದ ಗೆರೆಯನ್ನು ಸುಪ್ರೀಂ ಕೋರ್ಟು 1982ರ ಡಿಸೆಂಬರ್ 17ರಂದು ಅಳಿಸಿತು. ಪಿಂಚಣಿ ಸರ್ಕಾರದ ಕೃಪೆ ಅಲ್ಲ, ದುಡಿಮೆಯಿಂದ ಗಳಿಸಿದ್ದು ಎಂದಿತು. ಡಿಸೆಂಬರ್ 17 ಪಿಂಚಣಿದಾರರ ದಿನವಾದದ್ದು ಅದಕ್ಕೆ. ಆದರೆ ಆ ತೀರ್ಪು ಪಿಂಚಣಿ ಇದ್ದವರ ನಡುವಿನ ಭೇದ ಕುರಿತದ್ದು. ಮುಂದೆ ಸೇರುವವರಿಗೆ ಬೇರೆ ಕರಾರು ಬರೆಯಬಾರದು ಎಂದು ಅದು ಹೇಳಲಿಲ್ಲ. ಆ ಸಂದಿಯಲ್ಲೇ ಎನ್‌ಪಿಎಸ್ ಒಳಗೆ ಬಂತು.

ಈಗ ಮುಖ್ಯ ಪ್ರಶ್ನೆ. ಪಿಂಚಣಿ ಹೋದದ್ದರಿಂದ ಸರ್ಕಾರಿ ನೌಕರಿಗೆ ಬರುವವರು ಕಡಿಮೆಯಾದರೇ? ಬಂದವರು ಬಿಟ್ಟು ಹೋದರೇ?

ಬೇರೆ ಕಡೆ ಹೌದು. ಅಮೆರಿಕದ ಅಲಾಸ್ಕಾ ರಾಜ್ಯ ನಮ್ಮ ಹಾಗೆಯೇ 2006ರಲ್ಲಿ, ಜುಲೈ 1ರಿಂದ, ಹೊಸದಾಗಿ ಸೇರುವ ಶಿಕ್ಷಕರಿಗೂ ನೌಕರರಿಗೂ ನಿಶ್ಚಿತ ಪಿಂಚಣಿ ನಿಲ್ಲಿಸಿ ಖಾತೆ ತೆರೆದುಕೊಟ್ಟಿತು. ಶಿಕ್ಷಕರು ಕೆಲವು ವರ್ಷ ದುಡಿದು, ಖಾತೆಯನ್ನು ಜೇಬಿನಲ್ಲಿಟ್ಟುಕೊಂಡು ಬೇರೆ ರಾಜ್ಯಕ್ಕೆ ಹೋಗುತ್ತಾರೆ ಎಂಬುದು ಅಲ್ಲಿನ ದೊಡ್ಡ ದೂರು. ಫ್ಲಾರಿಡಾದ ಪಾಮ್ ಬೀಚ್ ಎಂಬ ಶ್ರೀಮಂತ ಊರು 2012ರಲ್ಲಿ ಪೊಲೀಸರ, ಅಗ್ನಿಶಾಮಕದವರ ಪಿಂಚಣಿ ಮೊಟಕು ಮಾಡಿತು. ಅವರು ಪಕ್ಕದ ಊರುಗಳ ಠಾಣೆಗೆ ಹೋಗತೊಡಗಿದರು. ನಾಲ್ಕು ವರ್ಷಕ್ಕೆ ಊರು ತಪ್ಪು ತಿದ್ದಿಕೊಂಡಿತು. ನಮ್ಮ ರೋಣ ಠಾಣೆಯ ಹವಾಲ್ದಾರರು ಪೆನ್ಶನ್ ಚೆನ್ನಾಗಿದೆ ಎಂದು ಕುಷ್ಟಗಿ ಠಾಣೆಗೆ ಹೋಗಲು ಬರುತ್ತದೆಯೇ? ಇಲ್ಲಿಯೂ ಅಲ್ಲಿಯೂ ಧಣಿ ಒಬ್ಬನೇ.

ಇಲ್ಲಿ ನಡೆದದ್ದು ಬೇರೆ. 2006ರ ನಂತರ ಧಾರವಾಡದ ಸಪ್ತಾಪುರದ ಕೋಚಿಂಗ್ ಕೋಣೆಗಳಲ್ಲಿ ರೋಣ, ನರಗುಂದ, ಗಜೇಂದ್ರಗಡ, ಈ ನಮ್ಮ ಮೂರು ತಾಲೂಕಿನ ಹುಡುಗರು ಕಡಿಮೆಯಾಗಲಿಲ್ಲ, ಹೆಚ್ಚಾದರು. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆಯ ಅಕ್ರಮ, ಆ ಮೇಲಿನ ಮರುಪರೀಕ್ಷೆ ನಿಮಗೆ ನೆನಪಿದೆ. ಎನ್‌ಪಿಎಸ್ ನೌಕರಿಗೇ ಜನ ಹೊಲ ಮಾರಿದರು. ಒಣಬೇಸಾಯದ ಎರಿ ಹೊಲದಲ್ಲಿ ಕಡಲೆ, ಹೆಸರು, ಉಳ್ಳಾಗಡ್ಡಿ ಬೆಳೆದು ದರ ಕುಸಿಯುವುದನ್ನು ನೋಡುತ್ತ ಬೆಳೆದ ಹುಡುಗ ಅರವತ್ತರ ಲೆಕ್ಕ ಹಾಕುವುದಿಲ್ಲ. ಒಂದನೇ ತಾರೀಖಿನ ಪಗಾರದ ಲೆಕ್ಕ ಹಾಕುತ್ತಾನೆ. ಇಲಿನಾಯ್ ರಾಜ್ಯದ ಶಿಕ್ಷಕರನ್ನು ಕುರಿತು ಮರಿಯಾ ಫಿಟ್ಜ್‌ಪ್ಯಾಟ್ರಿಕ್ ಎಂಬ ಅರ್ಥಶಾಸ್ತ್ರಜ್ಞೆ ಮಾಡಿದ ಅಧ್ಯಯನವೊಂದಿದೆ: ಒಂದು ಡಾಲರಿನಷ್ಟು ಹೆಚ್ಚುವರಿ ಪಿಂಚಣಿಗೆ ಅವರು ಈಗ ಬಿಟ್ಟುಕೊಡಲು ಸಿದ್ಧರಿದ್ದದ್ದು ಸರಾಸರಿ ಇಪ್ಪತ್ತು ಸೆಂಟು. ಹರೆಯದಲ್ಲಿ ಪಿಂಚಣಿ ಯಾರಿಗೂ ಕಾಣುವುದಿಲ್ಲ. ಅದು ಕಾಣತೊಡಗುವುದು ನಲವತ್ತೈದರ ಮೇಲೆ, ಸಹೋದ್ಯೋಗಿಯ ಬೀಳ್ಕೊಡುಗೆಗೆ ಹೋಗಿ ಬಂದ ರಾತ್ರಿ.

ಹಾಗಾದರೆ ಪಿಂಚಣಿಗೂ ನೇಮಕಾತಿಗೂ ಸಂಬಂಧವೇ ಇಲ್ಲವೇ? ಇದೆ, ಆದರೆ ನಾವು ಹುಡುಕುವ ಕಡೆ ಇಲ್ಲ. ಪಿಂಚಣಿ ಅಭ್ಯರ್ಥಿಯನ್ನು ಸೆಳೆಯುವುದಕ್ಕಿಂತ ಸರ್ಕಾರವನ್ನು ಹೆದರಿಸುತ್ತದೆ. ಇವತ್ತು ನಾನು ಹೇಳಬೇಕೆಂದು ಬಂದದ್ದು ಇಷ್ಟೇ. ಒಬ್ಬ ಕಾಯಂ ನೌಕರನನ್ನು ತೆಗೆದುಕೊಂಡರೆ ಅರವತ್ತು ವರ್ಷದ ನಂಟು. ಆ ನಂಟಿನ ಭಯಕ್ಕೆ ಖಜಾನೆ ಹುದ್ದೆಗಳನ್ನು ಖಾಲಿ ಇಟ್ಟಿದೆ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂಜೂರಾದ ಹುದ್ದೆಗಳು ಖಾಲಿ. ಎನ್‌ಪಿಎಸ್ ತಂದರೆ ಭಯ ಹೋಗಬೇಕಿತ್ತು. ಹೋಗಲಿಲ್ಲ, ಯಾಕೆಂದರೆ ಎರಡೂ ಹೊರೆ ಒಟ್ಟಿಗೆ ಬಿದ್ದವು: ಹಳಬರಿಗೆ ಪಿಂಚಣಿ, ಹೊಸಬರಿಗೆ ತಿಂಗಳು ತಿಂಗಳು ಹದಿನಾಲ್ಕು ಪಾಲು ನಗದು. 2006ರ ಮಾರ್ಚಿನಲ್ಲಿ ಇಪ್ಪತ್ತರ ಹರೆಯದಲ್ಲಿ ಸೇರಿದವರು ನಿವೃತ್ತರಾಗುವುದು 2046ಕ್ಕೆ. ಅಲ್ಲಿಯವರೆಗೆ ಹಳೆಯ ಹೊರೆ ಇಳಿಯುವುದಿಲ್ಲ. ಆದ್ದರಿಂದ ಮೂರನೆಯ ದಾರಿ: ಹೊರಗುತ್ತಿಗೆ, ಅತಿಥಿ ಶಿಕ್ಷಕ, ಅತಿಥಿ ಉಪನ್ಯಾಸಕ, ಗೌರವಧನ. ಕೆಲಸ ಕಾಯಂ, ಮನುಷ್ಯ ಹಂಗಾಮಿ.

ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಪಾಠ ಬಹಳ ಮಟ್ಟಿಗೆ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಹದಿನೈದು-ಇಪ್ಪತ್ತು ವರ್ಷ ಅತಿಥಿಯಾಗಿರುವುದು ಜಗತ್ತಿನಲ್ಲಿ ಅವರಿಗೆ ಮಾತ್ರ ಸಾಧ್ಯ. ಅವರ ಹೋರಾಟದ ನಂತರ ಅರವತ್ತು ತುಂಬಿದವರಿಗೆ ಗರಿಷ್ಠ ಐದು ಲಕ್ಷದ ಇಡುಗಂಟು ಘೋಷಣೆಯಾಯಿತು. ಇಡುಗಂಟು, ಎಷ್ಟು ಚಂದದ ಶಬ್ದ! ಕೈಯಲ್ಲಿಟ್ಟು ಕಳಿಸಿಬಿಡುವ ಗಂಟು. ಇನ್ನು ಮಠ-ಸಂಸ್ಥೆಗಳು ಕಟ್ಟಿದ ಅನುದಾನಿತ ಶಾಲೆಗಳು ನಮ್ಮ ಕಡೆ ಊರೂರಿಗೆ ಇವೆ. ಅಲ್ಲಿ 2006ರ ನಂತರ ಸೇರಿದವರು ತಮ್ಮನ್ನು 'ಪಿಂಚಣಿ ವಂಚಿತರು' ಎಂದೇ ಕರೆದುಕೊಳ್ಳುತ್ತಾರೆ. ಸರ್ಕಾರ ಆಡಳಿತ ಮಂಡಳಿಯ ಕಡೆ ಕೈ ತೋರಿಸುತ್ತದೆ, ಮಂಡಳಿ ಸರ್ಕಾರದ ಕಡೆ. ಬಸ್ ಡಿಪೊದ ಚಾಲಕ, ನಿರ್ವಾಹಕರದು ಇನ್ನೊಂದು ಕಥೆ. ಅವರಿಗೆ ಭವಿಷ್ಯನಿಧಿಯ 1995ರ ಪಿಂಚಣಿ. 15,000 ರೂಪಾಯಿ ವೇತನ ಮಿತಿಯಲ್ಲಿ ಮೂವತ್ತೈದು ವರ್ಷ ದುಡಿದರೂ ಸೂತ್ರದ ಪ್ರಕಾರ ತಿಂಗಳಿಗೆ 7,500. ಬೆಳಗಿನ ಐದರ ಬಸ್ಸಿನಲ್ಲಿ ನೌಕರರನ್ನೆಲ್ಲ ಕಚೇರಿಗೆ ಮುಟ್ಟಿಸುವವನ ಮುಪ್ಪಿಗೆ ಅಷ್ಟು. 2021ರ ಏಪ್ರಿಲಿನಲ್ಲಿ ಅವರು ಮುಷ್ಕರ ಹೂಡಿದಾಗ ಬಸ್ ನಿಂತಿತೆಂದು ಬೈದವರಲ್ಲಿ ನಾನೂ ಒಬ್ಬ. ಈ ಲೆಕ್ಕ ಆಗ ನನಗೆ ಗೊತ್ತಿರಲಿಲ್ಲ.

ಉಳಿಸಿಕೊಳ್ಳುವ ವಿಷಯಕ್ಕೆ ಬರುತ್ತೇನೆ. ಇಲ್ಲಿ ಜನ ಸೇವೆ ಬಿಟ್ಟು ಹೋಗುವುದಿಲ್ಲ, ಊರು ಬಿಟ್ಟು ಹೋಗುತ್ತಾರೆ. ನೇಮಕಾತಿಯಲ್ಲಿ ರೋಣವೋ ನರಗುಂದವೋ ಸಿಕ್ಕರೆ ಸಾಕು ಎಂದು ಬಂದವರು ಮೂರನೆಯ ವರ್ಷಕ್ಕೆ ವರ್ಗಾವಣೆಯ ಅರ್ಜಿ ಬರೆಯುತ್ತಾರೆ. ವರ್ಗವಾಗದಿದ್ದರೆ ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಮನೆ ಮಾಡಿ ಓಡಾಡುತ್ತಾರೆ. ತಪ್ಪು ಅವರದೆನ್ನಲು ಬಾರದು. ಏಳನೆಯ ವೇತನ ಆಯೋಗದ ನಂತರ ಮನೆ ಬಾಡಿಗೆ ಭತ್ಯೆ ಹುಬ್ಬಳ್ಳಿ-ಧಾರವಾಡದಲ್ಲಿ ಶೇಕಡಾ 15, ನಮ್ಮ ಹಳ್ಳಿಯಲ್ಲಿ ಏಳೂವರೆ. ಅಂದರೆ ಹಳ್ಳಿಯಲ್ಲಿ ಇದ್ದದ್ದಕ್ಕೆ ಪಗಾರ ಕಡಿಮೆ, ಪಿಂಚಣಿ ಮಾತ್ರ ಸಮ. ಇಲ್ಲಿ ಇಪ್ಪತ್ತೈದು ವರ್ಷ ಇದ್ದೆ ಎಂಬುದಕ್ಕೆ ಪಿಂಚಣಿ ಕಾಗದದಲ್ಲಿ ಒಂದು ಕಾಲಮ್ಮೂ ಇಲ್ಲ. ತಜ್ಞ ವೈದ್ಯರ ಮಾತನ್ನಂತೂ ಬಿಡಿ. ಪಟ್ಟಣದಲ್ಲಿ ಖಾಸಗಿಯಾಗಿ ದುಡಿಯಬಲ್ಲವರಿಗೆ ಯಾವ ಪಿಂಚಣಿಯೂ ಆಮಿಷವಲ್ಲ.

ರೋಣದ ಮಾತು ಬಂದಾಗ ಒಂದು ನೆನಪು. 1922ರಲ್ಲಿ ಇಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ತಂದೆ ಗುರುರಾಜ ಜೋಶಿ ಮಾಸ್ತರಿಕೆಯವರು. ತಂದೆ ನೌಕರಿ ಹಿಡಿದುಕೊಂಡು ಉಳಿದರು, ಮಗ ಹನ್ನೊಂದರ ಹರೆಯದಲ್ಲಿ ಹಾಡು ಹುಡುಕುತ್ತ ಮನೆ ಬಿಟ್ಟು ಹೋದ. ಊರಿಗೆ ಹೆಸರು ತಂದವರು ಬಿಟ್ಟು ಹೋದವರೇ. ಆದರೆ ಊರಿನ ಶಾಲೆಯ ಬಾಗಿಲು ದಿನಾ ತೆಗೆಯುವುದಕ್ಕೆ ಉಳಿದವರೂ ಬೇಕು.

ಸ್ಥಳಕ್ಕೆ ಕಟ್ಟುವ ಉಪಾಯ ಫಲಿಸುತ್ತದೆಯೇ ಎಂದು ನೋಡಲು ಗಜೇಂದ್ರಗಡದವರು ದೂರ ಹೋಗಬೇಕಿಲ್ಲ. ಗುಡ್ಡದ ಗಾಳಿಯಂತ್ರಗಳ ಆಚೆ ಕುಷ್ಟಗಿ, ಯಲಬುರ್ಗಾ. ಒಂದು ಕಾಲಕ್ಕೆ ಆಚೆ ನಿಜಾಮರ ರಾಜ್ಯ, ಈಚೆ ಮುಂಬಯಿ ಪ್ರಾಂತ. ಈಗ ಆಚೆ 371ಜೆ, ಈಚೆ ಏನೂ ಇಲ್ಲ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಅಲ್ಲಿ ಸ್ಥಳೀಯ ವೃಂದ ಬಂದಿದೆ, ಬಹುಪಾಲು ಹುದ್ದೆಗಳು ಅಲ್ಲಿಯವರಿಗೇ. ಆ ಊರಿನಲ್ಲಿ ಹುಟ್ಟಿ ಅಲ್ಲೇ ನೌಕರಿ ಸಿಕ್ಕವರಿಗೆ ಬಿಟ್ಟು ಹೋಗುವ ಆತುರ ಕಡಿಮೆ. ನಮಗೂ 371ಜೆ ಕೊಡಿ ಎಂದು ನಾನು ಕೇಳುತ್ತಿಲ್ಲ, ಅದು ಅವರ ಹಿಂದುಳಿದ ಇತಿಹಾಸಕ್ಕೆ ಸಿಕ್ಕ ನ್ಯಾಯ. ನಾನು ಕೇಳುವುದು ಸಣ್ಣದು. ಎನ್‌ಪಿಎಸ್‌ಗೆ ಒಂದು ಗುಣ ಇದೆ: ಪಾಲನ್ನು ತಿಂಗಳು ತಿಂಗಳು ಕೂಡಿಸುವುದರಿಂದ ಎಲ್ಲಿ ದುಡಿದರು ಎಂಬುದನ್ನು ಲೆಕ್ಕಕ್ಕೆ ತರಬಹುದು. ಗದಗ ಜಿಲ್ಲೆಯ ಹಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದು ದುಡಿಯುವ ಶಿಕ್ಷಕಿಗೆ, ದಾದಿಗೆ, ಗ್ರಾಮ ಆಡಳಿತ ಅಧಿಕಾರಿಗೆ ಸರ್ಕಾರದ ವಂತಿಗೆ ಹದಿನಾಲ್ಕರ ಬದಲು ಹದಿನೆಂಟು ಇರಲಿ. ಕೇಂದ್ರ ಸರ್ಕಾರ 2025ರ ಏಪ್ರಿಲಿನಿಂದ ತಂದ ಏಕೀಕೃತ ಪಿಂಚಣಿಯಲ್ಲಿ ತನ್ನ ಪಾಲನ್ನು ಹದಿನೆಂಟೂವರೆಗೆ ಏರಿಸಿಕೊಂಡಿದೆ. ಅಸಾಧ್ಯದ ಅಂಕಿ ಇದಲ್ಲ. ಸೂಡಿಯ ಕಾಲದ ದತ್ತಿಯನ್ನು, ಜಾತಿಯ ಗಂಟು ಬಿಚ್ಚಿ, ಊರಿನ ಗಂಟು ಮಾತ್ರ ಉಳಿಸಿ, ಮತ್ತೆ ಬರೆದಂತೆ ಆಗುತ್ತದೆ. ರಾಜಸ್ಥಾನ, ಛತ್ತೀಸಗಢ, ಹಿಮಾಚಲದ ಹಾಗೆ ಪೂರಾ ಹಳೆಯ ಪಿಂಚಣಿಗೆ ಮರಳಬೇಕೇ ಎಂದು ಕೇಳಿದರೆ, ಹಳೆಯ ಪಿಂಚಣಿ ಉಣ್ಣುತ್ತಿರುವ ನಾನು ಬೇಡ ಎಂದರೆ ನಾಚಿಕೆಗೇಡು. ಆದರೆ ಒಳಗಿರುವವರ ಪಿಂಚಣಿಗಾಗಿ ಹೊರಗಿರುವವರ ಹುದ್ದೆಗಳು ಇನ್ನಷ್ಟು ವರ್ಷ ಖಾಲಿ ಉಳಿಯುವುದಾದರೆ, ಆ ಬೆಲೆ ನನಗೆ ಹೆಚ್ಚೆನಿಸುತ್ತದೆ. ಮೊದಲು ಹುದ್ದೆ ತುಂಬಲಿ.

ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಇಲ್ಲಿರುವ ಎನ್‌ಪಿಎಸ್ ಮಿತ್ರರು ಇವತ್ತು ರಾತ್ರಿ ಮನೆಗೆ ಹೋಗಿ ತಮ್ಮ ಪ್ರಾನ್ ಖಾತೆ ತೆರೆಯಿರಿ. ನೌಕರಿಗೆ ಸೇರಿದಾಗ, ಲಗ್ನಕ್ಕೆ ಮುಂಚೆ, ನಾಮಿನಿ ಎಂದು ಯಾರ ಹೆಸರು ಬರೆಸಿದ್ದೀರಿ ನೋಡಿ. ಹೆಂಡತಿ-ಮಕ್ಕಳ ಹೆಸರು ಅಲ್ಲಿ ಇರದಿದ್ದರೆ ನಾಳೆಯೇ ಸೇರಿಸಿ.